ಮನೆಯೊಳಗಿನ ತೋಟದಲ್ಲಿ ಯಾರ ಪಾಲು?

ಅಡಿಕೆಗೆ ಬೆಲೆ ಬಂದ ಮೇಲೆ ಚನ್ನಗಿರಿ, ನ್ಯಾಮತಿ ಸೀಮೆಯಲ್ಲಿ ಹೊಸ ಬಗೆಯ ಮನೆಗಳು ಏಳುತ್ತಿವೆ. ಹಾಲ್‌ನ ನಡುವೆ ಹುಲ್ಲುಹಾಸು, ಸುತ್ತ ಅಗಲ ಎಲೆಯ ವಿದೇಶೀ ಗಿಡಗಳು, ಮೇಲೆ ಗಾಜಿನ ಮಾಡು. ಒಳಗೆ ಯಾವುದು, ಹೊರಗೆ ಯಾವುದು ಎಂದೇ ತಿಳಿಯದು. ಅಂತಹ ಒಂದು ಮನೆಯ ಪ್ರವೇಶಕ್ಕೆ ದುಆ ಮಾಡಲು ಸಂಬಂಧಿಕರೊಬ್ಬರು ಕರೆದಿದ್ದರು. ದುಆ ಮಾಡಿದೆ, ಉಂಡೆ, ಮನೆಯನ್ನು ಹೊಗಳಿದೆ ಕೂಡ.

ಅದು 2024ರ ಬೇಸಿಗೆ. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು, ಚನ್ನಗಿರಿಯ ಬೆಳೆಗಾರರು ಅಡಿಕೆ ಮರ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಳ್ಳುತ್ತಿದ್ದ ದಿನಗಳು. ಈ ಮನೆಯ ಹುಲ್ಲಿಗೂ ಟ್ಯಾಂಕರೇ ಬಂತು. ಚಾಲಕ ಜಗಳೂರು ಕಡೆಯ ಹುಡುಗ. "ನಮ್ಮೂರಲ್ಲಿ ಟ್ಯಾಂಕರ್ ಬಂದ್ರೆ ಕೊಡ ಹಿಡ್ಕೊಂಡು ಓಡ್ತಾರೆ ಹಜ್ರತ್, ಇಲ್ಲಿ ಹುಲ್ಲು ಮಲಗಿದ್ದಲ್ಲೇ ಕುಡಿಯುತ್ತೆ" ಎಂದ. ನಾನು ನಕ್ಕುಬಿಟ್ಟೆ. ರಾತ್ರಿ ಆ ನಗುವೇ ಚುಚ್ಚತೊಡಗಿತು.

ಹಾಗಾದರೆ ಮನೆಯೊಳಗೆ ತೋಟವಿರುವುದು ತಪ್ಪೇ? ಹಾಗೆನ್ನಲು ನನಗೆ ಧೈರ್ಯವಿಲ್ಲ. 'ಜನ್ನತ್' ಎಂಬ ಪದದ ಅರ್ಥವೇ ತೋಟ. ಗ್ರಾನಡದ ಅಲ್‌ಹಂಬ್ರಾ ಅರಮನೆಯ ಅಂಗಳಗಳಲ್ಲಿ ನೀರು, ಹಸಿರು ಎರಡೂ ಇವೆ. ನಮ್ಮ ಹಿರಿಯರ ತೊಟ್ಟಿಮನೆಯಲ್ಲೂ ಆಕಾಶ ಮನೆಯೊಳಗೇ ಇತ್ತು. ಆದರೆ ಆ ತೊಟ್ಟಿಗೆ ಮಳೆ ತಾನಾಗಿ ಬೀಳುತ್ತಿತ್ತು, ಅಲ್ಲಿ ಕಾಳು ಒಣಗುತ್ತಿತ್ತು, ಗುಬ್ಬಿ ಬಂದು ಹೆಕ್ಕುತ್ತಿತ್ತು.

ಸೂರಃ ಅಲ್‌ಕಹ್ಫ್‌ನಲ್ಲಿ ಎರಡು ದ್ರಾಕ್ಷಿ ತೋಟಗಳ ಒಡೆಯನೊಬ್ಬನ ಕಥೆಯಿದೆ. ಸುತ್ತ ಖರ್ಜೂರದ ಮರಗಳು, ನಡುವೆ ಹರಿಯುವ ನೀರು. ತೋಟ ಮಾಡಿದ್ದು ಅವನ ಅಪರಾಧವಾಗಿರಲಿಲ್ಲ. ಇದು ಎಂದೂ ಅಳಿಯದು ಎಂದುಕೊಂಡು, ಬಡ ಸಂಗಾತಿಯ ಮುಂದೆ ಸಂಪತ್ತಿನ ಜಂಭ ಕೊಚ್ಚಿಕೊಂಡನಲ್ಲ, ಅದು ಅಪರಾಧ. ಇನ್ನು ಗಿಡ ನೆಡುವವನ ವಿಷಯದಲ್ಲಿ ಪ್ರವಾದಿವರ್ಯರು(ಸ), ಅದರಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದದ್ದು ಅವನ ದಾನವೆಂದು ಕಲಿಸಿದರು. ಗಾಜಿನ ಮಾಡಿನ ಕೆಳಗಿನ ಗಿಡದಿಂದ ಯಾವ ಹಕ್ಕಿ ತಿಂದೀತು? ನನಗೆ ತೊಡಕಾದದ್ದು ಇಲ್ಲಿ. ಖರ್ಚಿನ ಲೆಕ್ಕಕ್ಕಿಂತ ಇದು ದೊಡ್ಡ ಮಾತು. ಯಾರಿಗೂ ಪಾಲಿಲ್ಲದ ಹಸಿರು ಅದು.

ನೀರಿನ ವಿಷಯದಲ್ಲಂತೂ ಧರ್ಮ ಇನ್ನೂ ಬಿಗಿ. ಹರಿಯುವ ಹೊಳೆಯ ದಡದಲ್ಲಿ ವುಝೂ ಮಾಡುವವನೂ ನೀರು ಪೋಲು ಮಾಡಬಾರದು. ಹೊನ್ನಾಳಿಯಲ್ಲಿ ತುಂಗಭದ್ರೆ ಹರಿಯುತ್ತಾಳೆ, ಅಲ್ಲಿನವರಿಗೂ ಈ ಮಾತು ಅನ್ವಯ. ಜಗಳೂರಿನಲ್ಲೋ, ಕೊಳವೆಬಾವಿಯಲ್ಲಿ ನೀರು ಸಿಕ್ಕರೂ ಅದರಲ್ಲಿ ಫ್ಲೋರೈಡ್. ಅದೇ ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಗಾಗಿ ಅಲ್ಲಿಯ ಜನ ವರ್ಷಗಟ್ಟಲೆ ಕಾದರು. ಒಂದೇ ಜಿಲ್ಲೆ, ಒಂದೇ ಹೊಳೆ.

ಮುಂದಿನ ಜುಮಾ ಮುಗಿದ ಮೇಲೆ ಆ ಸಂಬಂಧಿಕರ ಬಳಿ ಇದನ್ನೆಲ್ಲ ಹೇಳಿದೆ. ಮುಖ ಸಪ್ಪಗಾಯಿತು. "ಹಾಗಾದ್ರೆ ಹುಲ್ಲು ಕಿತ್ತುಬಿಡಲಾ ಹಜ್ರತ್?" ಎಂದು ಕೇಳಿದರು. ಕೀಳಿಸುವ ಫತ್ವಾ ನನ್ನಲ್ಲಿರಲಿಲ್ಲ. ಮನೆಯ ಸಂಪಿನಿಂದ ಒಂದು ಪೈಪು ಕಾಂಪೌಂಡಿನಾಚೆಗೂ ಎಳೆಸಿ ಎಂದಷ್ಟೇ ಹೇಳಿದೆ. ಹದಿನೈದು ದಿನ ಅವರು ನನ್ನೊಡನೆ ಮಾತಾಡಲಿಲ್ಲ.

ಈಗ ಗೇಟಿನ ಪಕ್ಕ ಒಂದು ನಲ್ಲಿ ಇದೆ, ಕೆಳಗೆ ದನಕ್ಕೊಂದು ಕಲ್ಲಿನ ಬಾನಿ. ಹುಲ್ಲುಹಾಸೂ ಒಳಗೆ ಹಾಗೆಯೇ ಇದೆ, ಬೇಸಿಗೆಯಲ್ಲಿ ಮಾತ್ರ ಸ್ವಲ್ಪ ಹಳದಿ.