ಮೇಲಿನೋರು, ಕೆಳಗಿನೋರು

ನಾನು ಏಳನೇ ಕ್ಲಾಸಿನವರೆಗೆ ಓದಿದವನು, ಅದೂ ಕನ್ನಡ ಸ್ಕೂಲಿನಲ್ಲಿ. ಬರೆಯೋದಕ್ಕಿಂತ ಹಾಡೋದು ನನಗೆ ಸಲೀಸು. ವಾಚನಾಲಯದ ಹುಡುಗರು ಬಂದು, ತಾತ, ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಅಂದಾಗ, ಒಂದು ಪದ ಕಟ್ಟಿ ಕೊಡ್ತೀನಿ ಬಿಡ್ರಪ್ಪ ಅಂದೆ. ಪದ ಬೇಡ, ನಿಮ್ಮ ಮನಸ್ಸಿನಲ್ಲಿ ಕೊರೀತಾ ಇರೋದನ್ನ ಬರೀರಿ ಅಂದರು. ಕೊರೀತಾ ಇರೋದು ನಮ್ಮ ಹೊಳೆ, ಮತ್ತೆ ನಾನು ಮಾರೋ ಸೊಪ್ಪು.

ಎರಡು ವರ್ಷದ ಹಿಂದೆ ನಮ್ಮೂರಲ್ಲಿ ಒಂದು ಮದುವೆ. ಗಂಗೆ ತರೋ ಶಾಸ್ತ್ರಕ್ಕೆ ಹೆಣ್ಣುಮಕ್ಕಳು ಕಳಸ ಹಿಡಿದು ಹೊರಟರು. ಮುಂದೆ ವಾಲಗ, ಹಿಂದೆ ನಾನು. ನಾನು ಹಾಡೋ ಪದದಲ್ಲಿ ಗಂಗವ್ವ ಬೆಳ್ಳಗೆ ನೊರೆ ಉಕ್ಕಿಸಿಕೊಂಡು ಬರ್ತಾಳೆ ಅನ್ನೋ ಒಂದು ಮಾತು ಬರುತ್ತೆ. ಹೊಳೆ ದಂಡೆಗೆ ಬಂದು ನೋಡಿದರೆ ನಿಜವಾಗಲೂ ಬೆಳ್ಳಗೆ ನೊರೆ. ಆಳೆತ್ತರ ನಿಂತಿದೆ, ಗಾಳಿಗೆ ತುಂಡು ತುಂಡಾಗಿ ಹಾರ್ತಾ ಇದೆ, ಮೂಗು ಬಿಡೋಕಾಗಲ್ಲ. ಪದದ ಆ ಜಾಗಕ್ಕೆ ಬಂದಾಗ ನನ್ನ ಬಾಯಿ ಕಟ್ಟಿತು. ಒಬ್ಬ ಹುಡುಗ ನಕ್ಕ. ಮದುವೆ ಹೆಣ್ಣಿನ ಸೋದರತ್ತೆ, ಈ ನೀರು ಮುಟ್ಟಿದ ಕೈಯಲ್ಲಿ ಅರಿಸಿನ ಹಚ್ಚೋದು ಹೆಂಗೆ ಅಂತ ಕಳಸ ತಿರುಗಿಸಿದಳು. ಕೊನೆಗೆ ಪಕ್ಕದ ತೋಟದ ಬೋರ್‌ವೆಲ್ ಪೈಪಿಗೆ ಅರಿಸಿನ ಕುಂಕುಮ ಇಟ್ಟು, ಅದನ್ನೇ ಗಂಗೆ ಅಂತ ಅಂದುಕೊಂಡು ಮನೆಗೆ ಬಂದೆವು. ಉಳಿದ ಪದವನ್ನ ನಾನು ಪೈಪಿನ ಮುಂದೆ ಹಾಡಿದೆ.

ನಮ್ಮ ಹೊಳೆಗೆ ನಾವು ದಕ್ಷಿಣ ಪಿನಾಕಿನಿ ಅಂತೀವಿ, ತಮಿಳಿನವರು ತೆನ್‌ಪೆಣ್ಣೈ ಅಂತಾರೆ. ನಂದಿ ಬೆಟ್ಟದ ಕಡೆ ಹುಟ್ಟಿ, ಹೊಸಕೋಟೆ ಮೇಲೆ ಹಾದು, ಗಡಿ ದಾಟಿ ಹೊಸೂರಿನ ಹತ್ತಿರ ಕೆಲವರಪಳ್ಳಿ ಆಣೆಕಟ್ಟಿಗೆ ಬರುತ್ತೆ. ದಾರೀಲಿ ಬೆಂಗಳೂರಿನ ಪೂರ್ವದ ಕಡೆಯ ಕೊಳಚೆಯೆಲ್ಲ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ಈ ಹೊಳೆಗೆ ಬಂದು ಸೇರುತ್ತೆ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದನ್ನ ನೀವು ಟೀವಿಯಲ್ಲಿ ನೋಡಿರ್ತೀರಿ. 2015ರಲ್ಲಿ ಬಿತ್ತು, 2017ರಲ್ಲಿ ಬಿತ್ತು, 2018ರಲ್ಲಿ ಮತ್ತೆ ಬಿತ್ತು. ನೀರಿಗೆ ಬೆಂಕಿ ಬೀಳೋದು ಅನ್ನೋದನ್ನ ನಾನು ಪದದಲ್ಲಿ ಕಲಿಗಾಲದ ಗುರುತು ಅಂತ ಹಾಡ್ತಿದ್ದೆ, ಅದು ಮಾರತಹಳ್ಳಿ ಪಕ್ಕದಲ್ಲೇ ಆಯಿತು. ಹಸಿರು ನ್ಯಾಯಾಧಿಕರಣದವರು 2018ರ ಕೊನೇಲಿ ಕರ್ನಾಟಕ ಸರ್ಕಾರಕ್ಕೆ 50 ಕೋಟಿ, ಬೆಂಗಳೂರು ಪಾಲಿಕೆಗೆ 25 ಕೋಟಿ ದಂಡ ಹಾಕಿದರು. ಅಷ್ಟು ದೊಡ್ಡ ದಂಡ ಬಿದ್ದ ಮೇಲೂ ನಮ್ಮ ಆಣೆಕಟ್ಟಿನ ಬಾಗಿಲು ತೆಗೆದರೆ ನೊರೆ ಬಂದೇ ಬರುತ್ತೆ. ಸೋಪು, ಬಟ್ಟೆ ಒಗೆಯೋ ಪುಡಿ, ಕಕ್ಕಸಿನ ನೀರು ಎಲ್ಲ ಕೂಡಿ ಬಂದು ಎತ್ತರದಿಂದ ಬಿದ್ದರೆ, ಮೊಸರು ಕಡೆದ ಹಾಗೆ ನೊರೆ ಏಳುತ್ತೆ. ಜಾಸ್ತಿ ನೀರು ಬಿಟ್ಟ ದಿನ ಕೆಳಗಿನ ರಸ್ತೆಯನ್ನೇ ಮುಚ್ಚಿ ಬಸ್ಸು ನಿಲ್ಲಿಸಿದ್ದೂ ಉಂಟು.

ಇನ್ನೊಂದು ವಿಚಿತ್ರ ಹೇಳ್ತೀನಿ. ಬೆಂಗಳೂರಿನವರು ಕುಡಿಯೋದು ಕಾವೇರಿ. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಲ್ಲಿ ಎತ್ತಿ ತರ್ತಾರೆ. 1974ರಲ್ಲಿ ಶುರುವಾಗಿ ಈಗ ಐದನೇ ಹಂತ ಮುಗಿದಿದೆ. ಆ ನೀರಲ್ಲಿ ಮಿಂದು, ತೊಳೆದು, ಬಿಟ್ಟದ್ದು ನಮ್ಮ ಕಡೆ ಹರಿಯುತ್ತೆ. ಕಾವೇರಿಗೋಸ್ಕರ ಈ ಕಡೆಯವರು ಆ ಕಡೆಯವರು ಬಸ್ಸಿಗೆ ಕಲ್ಲು ಹೊಡೆದುಕೊಂಡಾಗೆಲ್ಲ ಗಡೀಲಿರೋ ನಾವು ಬಾಗಿಲು ಹಾಕಿಕೊಂಡು ಕೂತಿದ್ದೀವಿ. ಆದರೆ ಕಾವೇರಿ ಯಾವ ಕೋರ್ಟನ್ನೂ ಕೇಳದೆ, ಬೆಂಗಳೂರಿನ ಬಚ್ಚಲು ಮನೇಲಿ ಹಾದು, ಮೈಲಿಗೆಯಾಗಿ ನಮ್ಮ ಮನೆ ಮುಂದೆ ಬರ್ತಾ ಇದ್ದಾಳೆ.

ಈಗ ನನ್ನ ವಿಷಯಕ್ಕೆ ಬರ್ತೀನಿ. ನಾನು ಹುಡುಗನಾಗಿದ್ದಾಗ ಸಂಕ್ರಾಂತಿ ಕಳೆದರೆ ಹೊಳೆ ಬತ್ತೋದು. ಮರಳಲ್ಲಿ ಚಿಲುಮೆ ತೋಡಿ ನೀರು ಕುಡೀತಿದ್ದೆವು. ಬೇಸಿಗೇಲಿ ಹೊಲ ಸುಮ್ಮನೆ ಮಲಗಿರೋದು, ನಮ್ಮಪ್ಪ ರಾಗಿ ಒಂದೇ ಬೆಳೆ ಬೆಳೀತಿದ್ದ. ಈಗ ಹನ್ನೆರಡು ತಿಂಗಳೂ ಹೊಳೇಲಿ ನೀರಿದೆ. ಮಳೆ ಬರದ ವರ್ಷವೂ ಇದೆ. ಯಾಕೆ ಅಂದರೆ ಬೆಂಗಳೂರಿನವರು ದಿನಾ ಸ್ನಾನ ಮಾಡ್ತಾರೆ. ಈ ಕೊಳಚೆ ನೀರು ಬಂದ ಮೇಲೆ ನಾನು ವರ್ಷಕ್ಕೆ ನಾಲ್ಕೈದು ಸಲ ಕೊತ್ತಂಬರಿ, ಪಾಲಕ್, ಮೂಲಂಗಿ ತೆಗೆದಿದ್ದೀನಿ. ಮಗಳ ಮದುವೆ ಮಾಡಿದ್ದು ಆ ದುಡ್ಡಲ್ಲಿ. ಮಗನ್ನ ಓದಿಸಿದ್ದು ಆ ದುಡ್ಡಲ್ಲಿ. ಹೊಳೆ ಕೆಟ್ಟಿತು ಅಂತ ಅಳೋ ನಾನೇ, ಕೆಟ್ಟ ಹೊಳೆಯ ಅನ್ನ ತಿಂದವನು.

ನಮ್ಮ ಮನೆ ಹಿತ್ತಲಲ್ಲಿ ಎರಡು ಮಡಿ ಸೊಪ್ಪು ಇದೆ. ಅದಕ್ಕೆ ಬೋರ್‌ವೆಲ್ ನೀರು. ಅದು ನಮಗೆ. ಹೊಳೆ ಪಕ್ಕದ ಒಂದೂವರೆ ಎಕರೆ ಸೊಪ್ಪು ಮಂಡಿಗೆ. ಬೆಳಗಿನ ಜಾವ ಮೂರಕ್ಕೆ ಟೆಂಪೋ ಬರುತ್ತೆ, ಕಟ್ಟು ಎಣಿಸಿ ಹಾಕಿದರೆ ಆರು ಗಂಟೆಗೆ ಬೆಂಗಳೂರಿನ ಮಾರ್ಕೆಟ್ಟಲ್ಲಿ ಇರುತ್ತೆ. ಹೀಗೆ ಎರಡು ಮಾಡೋದು ನಾನೊಬ್ಬನೇ ಅಲ್ಲ. ಆದರೆ ಊರಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ. ಹೋದ ಬೇಸಿಗೇಲಿ ಮೊಮ್ಮಗಳು ರಜಕ್ಕೆ ಬಂದವಳು ಕೇಳಿದಳು, ತಾತ, ಅಲ್ಲಿ ಅಷ್ಟು ಸೊಪ್ಪಿದೆ, ಅಜ್ಜಿ ಯಾಕೆ ಹಿತ್ತಲಿಗೆ ಬಂದು ಕೀಳ್ತಾರೆ? ಹಿತ್ತಲ ಸೊಪ್ಪು ರುಚಿ ಕಣಮ್ಮ ಅಂದೆ. ಅವಳಿಗೆ ಒಂಬತ್ತು ವರ್ಷ. ನಂಬಿದಳು. ಅವಳು ಇರೋದು ಬೆಂಗಳೂರಲ್ಲಿ. ಊರಿಗೆ ಹೋಗಿ ಅವಳಮ್ಮ ಮಾರ್ಕೆಟ್ಟಲ್ಲಿ ಕೊಂಡುಕೊಳ್ಳೋ ಸೊಪ್ಪು ಯಾರ ಹೊಲದ್ದು?

ಮಗ ಎಲೆಕ್ಟ್ರಾನಿಕ್ ಸಿಟಿ ಹತ್ತಿರ ಫ್ಲ್ಯಾಟಲ್ಲಿದ್ದಾನೆ. ಒಂದು ರಾತ್ರಿ ಸಿಟ್ಟಲ್ಲಿ ಅವನಿಗೆ ಅಂದೆ, ನಿಮ್ಮೂರೋರು ಮಾಡಿದ ಹೊಲಸು ನಮ್ಮ ತಲೆ ಮೇಲೆ ಬೀಳ್ತಾ ಐತೆ, ನಿಮಗೆ ನಾಚಿಕೆ ಆಗಲ್ವಾ ಅಂತ. ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. "ಅಪ್ಪಾ, ನಾನೇನು ಮಾಡ್ಲಿ ಹೇಳು. ತೆರಿಗೆ ಕಟ್ತೀನಿ. ಕಸ ಬೇರೆ ಬೇರೆ ಮಾಡಿ ಕೊಡ್ತೀನಿ, ಗಾಡಿಯೋನು ಎಲ್ಲಾ ಒಂದೇ ಕಡೆ ಸುರ್ಕೊಂಡ್ ಹೋಗ್ತಾನೆ. 2024ರ ಬೇಸಿಗೇಲಿ ಬೋರ್ ಒಣಗಿ, ಟ್ಯಾಂಕರ್‌ಗೆ ಅವನು ಕೇಳಿದಷ್ಟು ಕೊಟ್ಟಿದ್ದೀನಿ. ನಮ್ ಬಿಲ್ಡಿಂಗಲ್ಲಿ ಕೊಳಚೆ ನೀರು ಶುದ್ಧ ಮಾಡೋ ಮಿಶನ್ ಇದೆ. ಅದಕ್ಕೆ ಕರೆಂಟು ಜಾಸ್ತಿ ಆಗುತ್ತೆ ಅಂತ ತಪಾಸಣೆ ಇದ್ದಾಗ ಮಾತ್ರ ಹಾಕ್ತಾರೆ. ಮೀಟಿಂಗಲ್ಲಿ ನಾನು ಕೇಳಿದೆ. ತಿಂಗಳಿಗೆ ಒಬ್ಬೊಬ್ಬರು ಇಷ್ಟಿಷ್ಟು ಜಾಸ್ತಿ ಕೊಡೋದಾದ್ರೆ ಹಾಕೋಣ, ಯಾರ್ ಯಾರ್ ಕೊಡ್ತೀರಿ ಕೈ ಎತ್ತಿ ಅಂದ್ರು."

ನೀನು ಎತ್ತಿದೆಯಾ ಅಂದೆ. ಅವನು ಸುಮ್ಮನಾದ. ಆ ತಿಂಗಳು ಮಗಳ ಸ್ಕೂಲ್ ಫೀಸು ಇತ್ತಂತೆ.

ನನಗೆ ಅವನ ಮೇಲಿನ ಸಿಟ್ಟು ಅಲ್ಲೇ ಅರ್ಧ ಇಳೀತು. ಅವನು ಎತ್ತದ ಕೈಯಿಂದ ಬಂದ ನೀರು, ನಾನು ಎತ್ತಿದ ಪಂಪಿಂದ ಸೊಪ್ಪಾಗಿ, ಮತ್ತೆ ಅವನ ತಟ್ಟೆಗೆ ಹೋಗುತ್ತೆ. ಹೊರಗಿನೋರು ಯಾರೂ ಇಲ್ಲ ಇದರಲ್ಲಿ. ಅಪ್ಪ ಮಗ ಇಬ್ಬರೇ.

ಅರ್ಜಿ ಕೊಡಲಿಲ್ವಾ ಅಂತ ನೀವು ಕೇಳಬಹುದು. ಕೊಟ್ಟಿದ್ದೀವಿ. ನಮ್ಮ ರಾಜ್ಯದಲ್ಲಿ ಜನರ ಅರ್ಜಿ ತಗೊಳ್ಳೋ ದಿನಕ್ಕೆ ಮನುನೀತಿ ದಿನ ಅಂತ ಹೆಸರು. ಮನುನೀತಿ ಚೋಳ ಅರಮನೆ ಬಾಗಿಲಿಗೆ ಗಂಟೆ ಕಟ್ಟಿಸಿದ್ದನಂತೆ. ರಾಜಕುಮಾರನ ರಥಕ್ಕೆ ಕರು ಸಿಕ್ಕಿ ಸತ್ತಾಗ, ಹಸು ಬಂದು ಆ ಗಂಟೆ ಎಳೀತಂತೆ. ಹಸುವಿನ ಭಾಷೆ ರಾಜನಿಗೆ ತಿಳೀತು. ನಮ್ಮ ಭಾಷೆಗೆ ಒಬ್ಬ ಮಧ್ಯಸ್ತಗಾರ ಬೇಕಾಯಿತು. ನನಗೆ ತಮಿಳು ಮಾತು ಬರುತ್ತೆ, ಬರವಣಿಗೆ ಬರಲ್ಲ. ನಾನು ಹುಟ್ಟಿದಾಗ ನಮ್ಮದು ಸೇಲಂ ಜಿಲ್ಲೆ, 1965ರಲ್ಲಿ ಧರ್ಮಪುರಿ ಆಯ್ತು, 2004ರಲ್ಲಿ ಕೃಷ್ಣಗಿರಿ ಆಯ್ತು. ಕೂತ ಜಾಗದಿಂದ ನಾನು ಎದ್ದಿಲ್ಲ, ಜಿಲ್ಲೆ ಮೂರು ಬದಲಾಯಿತು, ಅರ್ಜಿ ಬರೆಯೋಕೆ ಇವತ್ತೂ ಇನ್ನೊಬ್ಬರ ಕೈ ಬೇಕು.

ಒಂದು ಆಫೀಸಿನ ಮುಂದೆ ಮರದ ಕೆಳಗೆ ಕೂತಿದ್ದ ಅರ್ಜಿ ಬರೆಯೋನಿಗೆ 50 ರೂಪಾಯಿ ಕೊಟ್ಟೆವು. ನಾವು ನಾಲ್ಕು ಜನ ಹೇಳಿದ್ದು ಇಷ್ಟೇ: ಹೊಳೆ ನೀರು ಶುದ್ಧ ಮಾಡಿಸಿ. ಅವನು ಒಂದು ಹಾಳೆ ತುಂಬ ಬರೆದ. ಓದಿ ಹೇಳಪ್ಪ ಅಂದೆ. ಕೊನೇಲಿ, ಬೆಳೆ ನಷ್ಟಕ್ಕೆ ಪರಿಹಾರ ಕೊಡಿಸಬೇಕು ಅಂತ ಸೇರಿಸಿದ್ದ. ನಮಗೆ ನಷ್ಟ ಆಗಿಲ್ವಲ್ಲಪ್ಪ, ಬೆಳೆ ಚೆನ್ನಾಗೇ ಬರ್ತಾ ಐತೆ ಅಂದೆ. ಅವನು ನನ್ನ ಮುಖ ನೋಡಿ, "ಅಯ್ಯಾ, ಅರ್ಜಿ ಅಂದ್ರೆ ಏನಾದ್ರೂ ಕೇಳಬೇಕು. ಬರೀ ಹೊಳೆ ಸರಿಮಾಡಿ ಅಂದ್ರೆ ಯಾವ ಫೈಲಿಗೆ ಹಾಕ್ತಾರೆ?" ಅಂದ. ಜೊತೇಲಿದ್ದೋರು, ಇರಲಿ ಬಿಡಣ್ಣ, ಬಂದ್ರೆ ಬರ್ಲಿ ಅಂದರು. ನಾನೂ ಹೆಬ್ಬೆಟ್ಟು ಒತ್ತಲಿಲ್ಲ, ಕನ್ನಡದಲ್ಲಿ ರುಜು ಹಾಕಿದೆ. ಒಳಗೆ ಕೊಟ್ಟಾಗ, ಇದು ನಮ್ಮ ಇಲಾಖೆ ಅಲ್ಲ ಅಂದರು. ಅವರು ತೋರಿಸಿದ ಇನ್ನೊಂದು ಇಲಾಖೆಯವರು, ಹೊಲಸು ಬರೋದು ಕರ್ನಾಟಕದಿಂದ, ನಮ್ಮ ಕೈಲಿ ಇಲ್ಲ ಅಂದರು. ಬೆಂಗಳೂರಿಗೂ ಹೋದೆವು, ಕನ್ನಡ ಅಲ್ವಾ, ಮಾತಾದರೂ ಕೇಳ್ತಾರೆ ಅಂತ. ನೀವು ತಮಿಳುನಾಡಿನೋರು, ನಿಮ್ಮ ಸರ್ಕಾರದ ಮೂಲಕ ಬನ್ನಿ ಅಂದರು, ಕನ್ನಡದಲ್ಲೇ.

ಇದು ನನ್ನ ತಲೆಗೆ ಹತ್ತಿದ್ದು ಬಸ್ಸಲ್ಲಿ ವಾಪಸ್ಸು ಬರುವಾಗ. ನಾವು ಪೌರರು ಅಂತ ಹೇಳಿಕೊಳ್ಳೋರಿಗೆ ಬರೋ ಭಾಷೆ ಒಂದೇ, ಕೊಡಿ ಅನ್ನೋದು. ಪರಿಹಾರ ಕೊಡಿ, ಸಾಲ ಮನ್ನಾ ಮಾಡಿ, ರಸ್ತೆ ಹಾಕಿಸಿ. ನಾನು ಇದರಲ್ಲಿ ಪಾಲುಗಾರ, ನನ್ನ ಪಾಲಿನದ್ದು ನಾನು ಬಿಡ್ತೀನಿ, ನಿಮ್ಮ ಪಾಲಿನದ್ದು ನೀವು ಮಾಡಿ, ಅಂತ ಬರೆಯೋಕೆ ಯಾವ ಅರ್ಜೀಲೂ ಜಾಗ ಇಲ್ಲ. ಇದ್ದಿದ್ದರೆ ನಾನು ಬರೀತಿದ್ನಾ? ಒಂದೂವರೆ ಎಕರೆ ಬೇಸಿಗೆ ಬೆಳೆ ಬಿಡ್ತೀನಿ ಅಂತ? ಅದನ್ನೂ ಕೇಳಿಕೊಂಡೆ. ಉತ್ತರ ನನಗೆ ಇಷ್ಟ ಆಗಲಿಲ್ಲ.

ಹೊಸೂರು ಪಟ್ಟಣದ್ದೂ ಒಂದು ಮಾತು ಹೇಳಬೇಕು. ಮೊದಲು ಇದು ಸಂತೆ ಊರು. ಸಿಪ್‌ಕಾಟ್ ಬಂತು, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂತು, 2019ರಲ್ಲಿ ಕಾರ್ಪೊರೇಷನ್ ಆಯ್ತು. ಹತ್ತಿರದ ತೊರಪ್ಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು ಗವರ್ನರ್ ಜನರಲ್ ಆಗೋದಕ್ಕೆ ಮುಂಚೆ, 1917ರಲ್ಲಿ ಸೇಲಂ ಮುನಿಸಿಪಾಲಿಟಿಗೆ ಚೇರ್ಮನ್ ಆಗಿದ್ದವರು. ಚರಂಡಿ ನೋಡಿಕೊಳ್ಳೋದು ಆಗ ದೊಡ್ಡ ಮನುಷ್ಯರ ಕೆಲಸವಾಗಿತ್ತು. ಈಗ ನಮ್ಮ ಕಡೆ ಕಾಲುವೆ, ಕೆರೆ ಕೋಡಿ ಎಲ್ಲಿ ನೋಡಿದರೂ ಪ್ಲಾಸ್ಟಿಕ್ಕು, ಕೋಳಿ ಅಂಗಡಿ ಪುಕ್ಕ. ಬೆಂಗಳೂರಿನವರನ್ನ ಬೈಯೋಕೆ ನಾವು ಗಡಿ ಹತ್ತಿರ ನಿಂತಿದ್ದೀವಿ, ಆದರೆ ಹೊಳೆ ನಮ್ಮಲ್ಲಿ ನಿಲ್ಲಲ್ಲ. ಕೃಷ್ಣಗಿರಿ ಆಣೆಕಟ್ಟಿಗೆ ಹೋಗುತ್ತೆ, ಸಾತನೂರಿಗೆ ಹೋಗುತ್ತೆ, ಕಡಲೂರಿನ ಹತ್ತಿರ ಸಮುದ್ರ ಸೇರುತ್ತೆ. ಅಲ್ಲಿನವರಿಗೆ ನಾವೇ ಮೇಲಿನೋರು. ಒಂದು ಸಲ ತಿರುವಣ್ಣಾಮಲೆಗೆ ಪದ ಹಾಡೋಕೆ ಹೋದಾಗ ಸಾತನೂರು ಕಡೆಯ ಒಬ್ಬ ರೈತ, ಯಾವೂರು ಅಂದ. ಹೊಸೂರು ಕಡೆ ಅಂದೆ. ಓ, ನೊರೆ ಬರೋ ಊರು ಅಂದ. ನೊರೆ ನಮ್ಮದಲ್ಲ ಅಣ್ಣ, ಬೆಂಗಳೂರಿನದು ಅಂದೆ. ಅವನು ನಕ್ಕು ಬೀಡಿ ಹಚ್ಚಿದ.

ಎಲ್ಲರೂ ಮಾಡ್ತಾರೆ, ನೀನೊಬ್ಬ ಬಿಟ್ರೆ ಹೊಳೆ ತಿಳಿಯಾಗುತ್ತಾ ಅಂತ ಪಕ್ಕದ ಹೊಲದವನು ಕೇಳ್ತಾನೆ. ಆಗಲ್ಲ. ಅವನ ಲೆಕ್ಕ ಸರಿ. ಆದರೆ ಹೊಳೆ ತಿಳಿಯಾಗೋದು ಒಂದು ಪ್ರಶ್ನೆ, ಮೊಮ್ಮಗಳಿಗೆ ಹಿತ್ತಲ ಸೊಪ್ಪು ರುಚಿ ಅಂತ ಹೇಳಿದ್ದು ಇನ್ನೊಂದು ಪ್ರಶ್ನೆ. ಮೊದಲನೇದಕ್ಕೆ ಎರಡು ಸರ್ಕಾರ, ಕೋರ್ಟು, ಕೋಟಿಗಟ್ಟಲೆ ದುಡ್ಡು ಬೇಕು. ಎರಡನೇದು ನನ್ನ ಬಾಯಿಂದ ಬಂದದ್ದು. ಮೊದಲನೇದು ಸರಿಹೋಗೋವರೆಗೂ ಎರಡನೇದನ್ನ ಮುಂದಕ್ಕೆ ಹಾಕ್ತಾ ಬಂದೆ, ನನ್ನ ತಪ್ಪು ಅದು.

ಹೋದ ಆಷಾಢದಲ್ಲಿ ಒಂದು ಎಕರೆ ಸೊಪ್ಪು ತೆಗೆದು ಚೆಂಡು ಹೂವು ಹಾಕಿದೆ. ಹೂವು ಯಾರೂ ತಿನ್ನಲ್ಲ ಅಂತ. ನನ್ನ ಹೆಂಡತಿ, ದೇವರಿಗೆ ಮುಡಿಸೋದಲ್ವಾ ಅದು, ಆ ನೀರಲ್ಲಿ ಬೆಳೆದದ್ದು ಅಂದಳು. ದೇವರಿಗೆ ಹೊಟ್ಟೆನೋವು ಬರಲ್ಲ ಕಣೆ ಅಂದೆ. ಅವಳು ನಗಲಿಲ್ಲ. ಅರ್ಧ ಎಕರೆ ಪಾಲಕ್ ಇನ್ನೂ ಇದೆ, ಪೂರ್ತಿ ತೆಗೆಯೋಕೆ ಧೈರ್ಯ ಬಂದಿಲ್ಲ. ಆಯುಧಪೂಜೆ ಮುಗಿದ ವಾರ ಚೆಂಡು ಹೂವು ಕಿಲೋ 10 ರೂಪಾಯಿಗೆ ಬಿತ್ತು, ಕಿತ್ತ ಕೂಲಿ ಹುಟ್ಟಲಿಲ್ಲ. ಮೊಮ್ಮಗಳು ಬರೋ ರಜಕ್ಕೆ ಮತ್ತೆ ಬರ್ತಾಳೆ. ಅವಳನ್ನ ಹೊಳೆ ದಂಡೆಗೆ ಕರ್ಕೊಂಡು ಹೋಗಿ ಪಂಪು ತೋರಿಸಬೇಕು ಅಂತ ಇದ್ದೀನಿ.