ಊಟ ಬಲ್ಲವಳಿಗೂ ರೋಗ ಬರುತ್ತೆ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.' ಈ ಗಾದೆ ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ನಮ್ಮೂರ ಶಾಲೆಯ ಗೋಡೆ ಮೇಲೂ ಬರೆಸಿದ್ದರು. ಒಳ್ಳೆಯ ಗಾದೆಯೇ. ಆದರೆ ಕೋಡ್ ಬರೆದು ಹೊಟ್ಟೆ ಹೊರೆಯುವವರಿಗೆ ಒಂದು ಚಟ ಇರುತ್ತೆ, ಯಾವ ವಾಕ್ಯ ಕಂಡರೂ ತಿರುಗಿಸಿ ನೋಡುವುದು. ಊಟ ಬಲ್ಲವಳಿಗೆ ರೋಗ ಬರೋದಿಲ್ಲ ಅನ್ನುವುದು ನಿಜವಾದರೆ, ರೋಗ ಬಂದವಳಿಗೆ ಊಟ ಗೊತ್ತಿಲ್ಲ ಅನ್ನುವುದೂ ನಿಜವಾಗಬೇಕು. ಗಾದೆ ಕಟ್ಟಿದವರ ಮನಸ್ಸಿನಲ್ಲಿ ಇದು ಇತ್ತೋ ಇಲ್ಲವೋ, ಕೇಳಿಸಿಕೊಂಡವರು ಮಾತ್ರ ಹಾಗೇ ಅರ್ಥ ಮಾಡಿಕೊಂಡಿದ್ದಾರೆ.

ನನಗೆ ಪಿಸಿಓಎಸ್ ಇದೆ. ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್. ನೀವು ಪಿಸಿಓಡಿ ಅಂತ ಕೇಳಿರಬಹುದು. ನಿಮ್ಮ ಟೀಮಿನಲ್ಲಿ ಹತ್ತು ಹೆಂಗಸರಿದ್ದರೆ ಅವರಲ್ಲಿ ಒಬ್ಬರಿಗಾದರೂ ಇದ್ದರೆ ಆಶ್ಚರ್ಯವಿಲ್ಲ. ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 8ರಿಂದ 13ರಷ್ಟು ಮಂದಿಗೆ ಇದೆ, ಅವರಲ್ಲಿ ಶೇ. 70ರಷ್ಟು ಮಂದಿಗೆ ತಮಗಿದೆ ಅನ್ನುವುದೇ ಗೊತ್ತಿಲ್ಲದಿರಬಹುದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟಿದ್ದ ಅಂದಾಜು. ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತೆ, ಗದ್ದದಲ್ಲಿ ಕೂದಲು ಬರುತ್ತೆ, ಮೊಡವೆ ಹೋಗೋದಿಲ್ಲ, ಕೆಲವರಿಗೆ ತೂಕ ಏರುತ್ತೆ.

ಇದಕ್ಕೆ ಡಾಕ್ಟರ್ ಮೊದಲು ಬರೆಯೋದು ಮಾತ್ರೆಯಲ್ಲ, 'ಲೈಫ್‌ಸ್ಟೈಲ್ ಚೇಂಜ್'. ಅಲ್ಲಿಂದಲೇ ನನ್ನ ಪ್ರಶ್ನೆ ಶುರು. ಊಟ ಬದಲಿಸಿದರೆ ಕಾಯಿಲೆ ಹತೋಟಿಗೆ ಬರುತ್ತೆ ಅಂದರೆ, ಊಟ ಸರಿಯಿಲ್ಲದ್ದಕ್ಕೇ ಕಾಯಿಲೆ ಬಂತು ಅಂತಲೇ? ನಮ್ಮ ಕಡೆಯ ಅತ್ತೆಯಂದಿರು, ಆಫೀಸಿನ ಗೆಳೆಯರು, ಜಿಮ್ಮಿನ ಟ್ರೈನರ್, ಎಲ್ಲರಿಗೂ ಇದು ಒಂದೇ ಮಾತು. 'ಹೊರಗಡೆ ತಿನ್ನೋದು ಜಾಸ್ತಿ ಆಯ್ತಲ್ವೇನೇ?'

ತಲೆನೋವಿಗೆ ಪ್ಯಾರಾಸಿಟಮಾಲ್ ನುಂಗಿದರೆ ಕಮ್ಮಿಯಾಗುತ್ತೆ. ಹಾಗಂತ ಮೈಯಲ್ಲಿ ಪ್ಯಾರಾಸಿಟಮಾಲ್ ಕೊರತೆಯಾಗಿ ತಲೆನೋವು ಬಂತು ಅಂತ ಯಾರೂ ಹೇಳಲ್ಲ. ಮದ್ದು ಬೇರೆ, ಕಾರಣ ಬೇರೆ. ಮದ್ದು ಮಾತ್ರೆಯಾಗಿದ್ದಾಗ ನಮಗಿದು ಸಲೀಸಾಗಿ ಅರ್ಥವಾಗುತ್ತೆ. ಮದ್ದು ಮುದ್ದೆಯೋ ವಾಕಿಂಗೋ ಆದ ಕೂಡಲೇ ಮರೆತುಹೋಗುತ್ತೆ.

ಒಳಗೆ ಆಗೋದೇನು ಅಂತ ನೋಡಿ. ಬಹುತೇಕರಲ್ಲಿ ಜೀವಕೋಶಗಳು ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳೋದಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಪುಸಲಾಯಿಸಿ ಟೆಸ್ಟೋಸ್ಟಿರಾನ್‌ನಂಥ ಹಾರ್ಮೋನುಗಳನ್ನು ಜಾಸ್ತಿ ಮಾಡಿಸುತ್ತೆ. ಅಂಡಾಣುವಿನ ಕೋಶಗಳು ಅರ್ಧ ಬೆಳೆದು ನಿಂತುಬಿಡುತ್ತವೆ. ಸ್ಕ್ಯಾನಿನಲ್ಲಿ ಮಣಿಗಳ ಹಾಗೆ ಕಾಣೋದು ಅವೇ. ಹೆಸರಲ್ಲಿ ಸಿಸ್ಟ್ ಇದ್ದರೂ ಅವು ನಿಜವಾದ ಸಿಸ್ಟ್‌ಗಳಲ್ಲ. ಈ ಪ್ರವೃತ್ತಿ ಮನೆತನದಲ್ಲಿ ಹರಿದುಬರುತ್ತೆ. ತೂಕ ಹೆಚ್ಚಾದರೆ ಉಲ್ಬಣಿಸುತ್ತೆ ನಿಜ, ಆದರೆ ಕಡ್ಡಿಯಂಥ ಹುಡುಗಿಯರಿಗೂ ಬರುತ್ತೆ. ನನ್ನ ದೊಡ್ಡಮ್ಮನ ಮಗಳು 46 ಕೆ.ಜಿ. ಇದ್ದಾಳೆ. ಅವಳಿಗೂ ಇದೆ.

'ಹಳ್ಳಿಯಲ್ಲಿ ಇದೆಲ್ಲ ಎಲ್ಲಿತ್ತು?' ಅನ್ನೋದು ಇನ್ನೊಂದು ಮಾತು. ಇಟಲಿಯ ವೈದ್ಯ ಆಂಟೋನಿಯೋ ವಲ್ಲಿಸ್ನೇರಿ 1721ರಲ್ಲೇ ಒಬ್ಬ ಹೆಂಗಸಿನ ಅಂಡಾಶಯದ ಬಗ್ಗೆ ಬರೆದಿಟ್ಟಿದ್ದಾನೆ. ಮಾಮೂಲಿಗಿಂತ ದೊಡ್ಡದು, ಬಿಳಿಚಿಕೊಂಡು ಹೊಳೆಯುವಂಥದ್ದು, ಮೈಯೆಲ್ಲ ಉಬ್ಬುತಗ್ಗು. ಆಕೆ ಮದುವೆಯಾದ ಯುವತಿ, ಸ್ವಲ್ಪ ದಪ್ಪ, ಮಕ್ಕಳಿರಲಿಲ್ಲ. ಮತ್ತೆ ಆಕೆ ರೈತ ಹೆಂಗಸು. ಪಿಜ್ಜಾ ಆರ್ಡರ್ ಮಾಡೋಕೆ ಅವಳ ಕೈಯಲ್ಲಿ ಫೋನ್ ಇರಲಿಲ್ಲ. ಚಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಇದನ್ನು ಒಂದು ರೋಗಲಕ್ಷಣಗಳ ಗುಂಪು ಅಂತ ವಿವರಿಸಿದ್ದು 1935ರಲ್ಲಿ. ನಮ್ಮೂರಲ್ಲೂ ಮುಟ್ಟು ನಿಲ್ಲದ, ಮಕ್ಕಳಾಗದ ಹೆಂಗಸರಿದ್ದರು. ಸ್ಕ್ಯಾನ್ ಇರಲಿಲ್ಲ, ಅದಕ್ಕೆ ಕಾಯಿಲೆಯ ಹೆಸರೂ ಇರಲಿಲ್ಲ. ಅವರಿಗೆ ಮಾತ್ರ ಒಂದು ಹೆಸರಿತ್ತು, ಬಂಜೆ.

ಹಾಗಾದರೆ ನನ್ನ ತಪ್ಪೇನೂ ಇಲ್ಲ ಅಂತ ಕಾಲು ಚಾಚಿ ಕೂರಬಹುದೇ? ಅದೂ ಆಗಲ್ಲ. ವರ್ಷಗಟ್ಟಲೆ ಮುಟ್ಟು ಸರಿಯಾಗಿ ಆಗದಿದ್ದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗಿ ಕ್ಯಾನ್ಸರಿನ ಅಪಾಯ ಹೆಚ್ಚುತ್ತೆ. ಟೈಪ್ 2 ಸಕ್ಕರೆ ಕಾಯಿಲೆಯ ಅಪಾಯವೂ ಹೆಚ್ಚು. ದೇಹ ಯಾರ ತಪ್ಪು ಅಂತ ನೋಡಿ ರಿಯಾಯಿತಿ ಕೊಡೋದಿಲ್ಲ.

ಇಲ್ಲಿ ನನಗೆ ಸಹಾಯಕ್ಕೆ ಬಂದಿದ್ದು ಆನ್-ಕಾಲ್ ಡ್ಯೂಟಿ. ರಾತ್ರಿ ಎರಡಕ್ಕೆ ಸರ್ವರ್ ಬಿತ್ತು ಅಂತ ಫೋನ್ ಬರುತ್ತೆ. ಆ ಕೋಡ್ ಬರೆದವನು ಕಂಪನಿ ಬಿಟ್ಟು ನಾಲ್ಕು ವರ್ಷವಾಗಿರುತ್ತೆ. ಆದರೂ ಎದ್ದು ಲ್ಯಾಪ್‌ಟಾಪ್ ತೆರೆಯೋದು ನಾನೇ. ತಪ್ಪು ನನ್ನದಲ್ಲ, ಹೊಣೆ ನನ್ನದು. ಬೆಳಿಗ್ಗೆ ಮೀಟಿಂಗಿನಲ್ಲಿ 'ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್' ಅಂತ ಮಾಡ್ತೀವಿ. ಯಾರು ಮಾಡಿದರು ಅಂತ ಕೇಳಲ್ಲ, ಏನಾಯಿತು, ಮುಂದೆ ಆಗದ ಹಾಗೆ ಏನು ಮಾಡೋಣ ಅಂತ ಕೇಳ್ತೀವಿ. ಬೈಗುಳ ಬೀಳುತ್ತೆ ಅಂತ ಗೊತ್ತಾದರೆ ಜನ ಲಾಗ್ ಮುಚ್ಚಿಡ್ತಾರೆ, ಆಮೇಲೆ ಬಗ್ ಯಾವತ್ತೂ ಸಿಗಲ್ಲ ಅನ್ನೋದು ನಮ್ಮ ಉದ್ಯಮ ಅನುಭವದಿಂದ ಕಲಿತ ಪಾಠ. ಸರ್ವರಿಗೆ ಕೊಡುವ ಈ ಮರ್ಯಾದೆ ಹೆಣ್ಣಿನ ಮೈಗೆ ಯಾಕೆ ಕೊಡಲ್ಲ?

ಮುಚ್ಚಿಡುವುದು ಇಲ್ಲೂ ನಡೆಯುತ್ತೆ. ನನ್ನ ಗೆಳತಿಯೊಬ್ಬಳಿಗೆ ಒಂದು ಕ್ಲಿನಿಕ್ಕಿನಲ್ಲಿ 'ಮೊದಲು ಹತ್ತು ಕೆ.ಜಿ. ಇಳಿಸಿಕೊಂಡು ಬಾಮ್ಮ, ಆಮೇಲೆ ನೋಡೋಣ' ಅಂದರು. ತೂಕ ಇಳಿಯಲಿಲ್ಲ, ಅವಳು ಹೋಗಲೇ ಇಲ್ಲ. ಎರಡು ವರ್ಷ. ಇಳಿಸಬೇಕಾದ ಹತ್ತು ಕೆ.ಜಿ.ಯನ್ನೇ ಅವಳು ಪಾಸು-ಫೇಲಿನ ಲೆಕ್ಕ ಮಾಡಿಕೊಂಡಿದ್ದಳು. ನಾಚಿಕೆ ಹುಟ್ಟಿಸಿದರೆ ಜನ ಸರಿಹೋಗ್ತಾರೆ ಅನ್ನುವವರು ಈ ಎರಡು ವರ್ಷಕ್ಕೆ ಉತ್ತರ ಕೊಡಬೇಕು.

ಒಬ್ಬ ಸಹೋದ್ಯೋಗಿ ಇದಕ್ಕೆ ಒಂದು ಆಕ್ಷೇಪ ಎತ್ತಿದ. 'ತಪ್ಪಿಲ್ಲ ಅಂದುಬಿಟ್ಟರೆ ಜನ ಪ್ರಯತ್ನವನ್ನೇ ಬಿಟ್ಟುಬಿಡಲ್ವಾ?' ನ್ಯಾಯವಾದ ಪ್ರಶ್ನೆ. ನನ್ನ ಅನುಭವ ಉಲ್ಟಾ ಹೇಳುತ್ತೆ. ಪ್ರಾಯಶ್ಚಿತ್ತ ಅಂತ ಮಾಡುವ ಡಯಟ್ ಒಂದು ಮದುವೆ ಊಟಕ್ಕೆ ಮುರಿದುಬೀಳುತ್ತೆ. ಒಂದು ಹೋಳಿಗೆ ತಿಂದದ್ದು ಪಾಪವಾದ ಮೇಲೆ ಇನ್ನೆರಡು ತಿಂದರೇನು? ಅದೇ ಊಟವನ್ನು ಮೆಂಟೆನೆನ್ಸ್ ಅಂದುಕೊಂಡರೆ ಹೋಳಿಗೆ ತಿಂದು ಮರುದಿನ ಮಾಮೂಲಿಗೆ ವಾಪಸು ಬರಬಹುದು.

ಆ ಮಾಮೂಲಿ ದೊಡ್ಡದೇನಲ್ಲ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಯಾವುದೋ ಒಂದು ಡಯಟ್ಟೇ ಶ್ರೇಷ್ಠ ಅಂತ ಹೇಳೋದಿಲ್ಲ. ಸಮತೋಲನದ ಊಟ, ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ, ಜೊತೆಗೆ ಸ್ನಾಯು ಬಲಪಡಿಸುವ ಕಸರತ್ತು, ಇಷ್ಟೇ. ತೂಕ ಇಳಿಯದಿದ್ದರೂ ಇದರಿಂದ ಪ್ರಯೋಜನವಿದೆ ಅಂತಲೂ ಹೇಳುತ್ತೆ. ನಾನು ಅನ್ನ ಅರ್ಧ ಮಾಡಿ ಕಾಳು, ಸೊಪ್ಪು, ಮೊಟ್ಟೆ ಹೆಚ್ಚಿಸಿದೆ. ಊಟವಾದ ಮೇಲೆ ಇಪ್ಪತ್ತು ನಿಮಿಷ ನಡೀತೀನಿ. ತೂಕ ಎರಡೇ ಕೆ.ಜಿ. ಇಳಿದಿದೆ. ಮೂರು ತಿಂಗಳಿಗೊಮ್ಮೆ ಆಗುತ್ತಿದ್ದ ಮುಟ್ಟು ಈಗ ಮೂವತ್ತೇಳು-ಮೂವತ್ತೆಂಟು ದಿನಕ್ಕೆ ಬರುತ್ತೆ. ಜೊತೆಗೆ ಡಾಕ್ಟರ್ ಕೊಟ್ಟ ಮೆಟ್‌ಫಾರ್ಮಿನ್ ಕೂಡ ನುಂಗ್ತೀನಿ. ಅದೇನು ಸೋಲಲ್ಲ.

ಇನ್ನೊಂದು ಮಾತು. 'ಜೀವನಶೈಲಿ' ಅನ್ನುವ ಪದ ಅದೇನೋ ನಾವು ಅಂಗಡಿಯಲ್ಲಿ ಆರಿಸಿ ತಂದ ಸೀರೆಯ ಹಾಗೆ ಕೇಳಿಸುತ್ತೆ. ಅಮೆರಿಕದ ಕ್ಲೈಂಟಿಗಾಗಿ ರಾತ್ರಿ ಹತ್ತರ ಕಾಲ್ ನಾನು ಆರಿಸಿದ್ದಲ್ಲ. ಪಿಜಿಯಲ್ಲಿ ಮೂರು ಹೊತ್ತೂ ಅನ್ನ-ಆಲೂಗಡ್ಡೆ ಹಾಕೋದು ಅಲ್ಲಿರುವ ಹುಡುಗಿಯ ಆಯ್ಕೆಯಲ್ಲ. ಊರಲ್ಲಿ ಬಡವರ ಮುದ್ದೆಯಾಗಿದ್ದ ರಾಗಿ ಇಲ್ಲಿ ಕೆಫೆಯಲ್ಲಿ ದುಬಾರಿ ಬೌಲ್ ಆಗಿ ಕೂತಿದೆ. ಮನೆಯಲ್ಲಿ ಎಲ್ಲರಿಗೂ ಒಂದು ಅಡುಗೆ, ತನಗೆ ಬೇರೆ ಅಡುಗೆ ಅಂತ ಎರಡೆರಡು ಸಲ ಒಲೆ ಹಚ್ಚುವವಳೂ ಕಾಯಿಲೆಯಿದ್ದವಳೇ. ಹೊಣೆ ಅವಳದೇ ಇರಬಹುದು, ಆದರೆ ಆನ್-ಕಾಲ್ ರೋಸ್ಟರಿನಲ್ಲಿ ಒಬ್ಬಳ ಹೆಸರನ್ನೇ ವರ್ಷವಿಡೀ ಯಾವ ಮ್ಯಾನೇಜರೂ ಹಾಕೋದಿಲ್ಲ. ಗಂಡ, ಅಮ್ಮ, ಟೀಮ್ ಲೀಡ್, ಎಲ್ಲರೂ ಒಂದೊಂದು ಶಿಫ್ಟ್ ತಗೋಬಹುದು. ಗಂಡನೂ ಅದೇ ಕಾಳಿನ ಸಾರು ತಿಂದರೆ ಅವನಿಗೇನೂ ನಷ್ಟವಿಲ್ಲ. ಲೀಡ್ ಆ ರಾತ್ರಿ ಕಾಲನ್ನು ವಾರಕ್ಕೆರಡು ದಿನ ತಾನು ನೋಡಿಕೊಂಡರೆ ಅವಳಿಗೆ ನಿದ್ದೆ ಸಿಗುತ್ತೆ.

ಗಾದೆಯನ್ನು ನಾನು ಬಿಟ್ಟಿಲ್ಲ. ನಾವೆಲ್ಲ ಅದರ ಮೊದಲರ್ಧವನ್ನು ಕಾಯಿಲೆಯವರಿಗೆ ಹೇಳಿ ಮುಗಿಸಿಬಿಡ್ತೀವಿ. ಉಳಿದರ್ಧ ಇರುವುದು ಸುತ್ತಮುತ್ತ ಇರುವವರಿಗೆ. ಮುಂದಿನ ಸಲ ಹಬ್ಬಕ್ಕೆ ಬಂದ ಅಣ್ಣನ ಮಗಳಿಗೆ 'ಏನೇ, ದಪ್ಪ ಆಗ್ಬಿಟ್ಟಿದೀಯಲ್ಲ' ಅನ್ನುವ ಮೊದಲು ಅದನ್ನೊಮ್ಮೆ ನೆನಪಿಸಿಕೊಳ್ಳಿ. ಊಟ ಅವಳು ಕಲಿಯುತ್ತಿದ್ದಾಳೆ. ಮಾತು ನಾವು ಕಲಿಯೋಣ.