ಹಳೇ ಹೆಸರು

ಹೋದ ತಿಂಗಳು ನಮ್ಮ ಟ್ಯೂಷನ್ ಆ್ಯಪಿಗೆ ಒಬ್ಬ ತಾಯಿಯಿಂದ ದೂರು ಬಂತು. "ಹೆಸರು ಬದಲಾಯಿಸಿ ಎಂಟು ತಿಂಗಳಾಯ್ತು. ಆದ್ರೂ ನನ್ನ ಹಳೇ ಮೆಸೇಜುಗಳ ಮೇಲೆಲ್ಲ ಮಾಜಿ ಗಂಡನ ಹೆಸರೇ ಬರ್ತಿದೆ. ದಯವಿಟ್ಟು ತೆಗೀರಿ." ತಪ್ಪು ಯಾರದ್ದು ಅಂತ ಹುಡುಕಿದರೆ, ನನ್ನದೇ. ಅದೂ ಯೋಚಿಸಿಯೇ ಮಾಡಿದ ಡಿಸೈನು.

ಮಾಂಗೋಡಿಬಿಯಲ್ಲಿ ಒಬ್ಬ ಬಳಕೆದಾರರ ವಿಳಾಸ, ಫೋನು, ಎಲ್ಲವನ್ನೂ ಒಂದೇ ಡಾಕ್ಯುಮೆಂಟಿನಲ್ಲಿ ತುಂಬಿಡಬಹುದು. 16 ಎಂಬಿ ಮಿತಿ ಇದೆ, ಹಾಗಾಗಿ ಬೆಳೆಯುತ್ತಲೇ ಹೋಗುವ ಮೆಸೇಜುಗಳನ್ನು ಬೇರೆ ಕಲೆಕ್ಷನ್ನಿನಲ್ಲಿ ಇಡ್ತೀವಿ. ಆಗ ಪ್ರತಿ ಮೆಸೇಜಿನ ಜೊತೆ ಕಳಿಸಿದವರ ಐಡಿ ಮಾತ್ರ ಇಡಬೇಕಾ, ಹೆಸರನ್ನೂ ಕಾಪಿ ಮಾಡಬೇಕಾ? ಐಡಿ ಮಾತ್ರ ಇದ್ದರೆ ಪ್ರತಿಸಲ ಇನ್ನೊಂದು ಕಡೆ ಹೋಗಿ ಹೆಸರು ತರಬೇಕು. ಕಾಪಿ ಇದ್ದರೆ ಒಂದೇ ಸಲಕ್ಕೆ ಕೆಲಸ ಮುಗೀತು. "ಹೆಸರು ಯಾರ್ ಬದಲಾಯಿಸ್ತಾರೆ ಗುರು?" ಅಂದಿದ್ದೆ. ಎಲ್ಲರೂ ಒಪ್ಪಿದರು. ಆ ಮೀಟಿಂಗಿನಲ್ಲಿ ಇದ್ದ ಐದೂ ಜನ ಗಂಡಸರು.

ನನಗಾದರೂ ನೆನಪಾಗಬೇಕಿತ್ತು. ನಮ್ಮ ಸೋದರತ್ತೆ ಗಂಡನ ಮನೆ ಬಿಟ್ಟು ಊರಿಗೆ ಬಂದು ಇಪ್ಪತ್ತು ವರ್ಷ. ಅಲೆದು ಅಲೆದು ರೇಷನ್ ಕಾರ್ಡು ತಿದ್ದಿಸಿಕೊಂಡರು. ಆದರೆ ಲಗ್ನಪತ್ರಿಕೆಗಳ ಮೇಲೆ ಇವತ್ತಿಗೂ 'ಶ್ರೀಮತಿ ಮತ್ತು ಶ್ರೀ' ಅಂತ ಆ ಮನುಷ್ಯನ ಹೆಸರೇ ಬರುತ್ತೆ. ಪ್ರತಿ ಮನೆಯವರೂ ಹಿಂದಿನ ಮದುವೆಯ ಪಟ್ಟಿ ನೋಡಿಕೊಂಡೇ ಬರೆಯೋದು. ಅತ್ತೆ ಪತ್ರಿಕೆ ತೆಗೆದುಕೊಂಡು ಮಾತಾಡದೆ ಗೂಡಿನಲ್ಲಿ ಇಡ್ತಾರೆ. ಊರಲ್ಲಿ ಯಾರನ್ನು ಕೇಳೋದು? ಇಲ್ಲಿ ಕೇಳೋಕೆ ನಾನಿದ್ದೆ.

ಎಲ್ಲ ಕಡೆ ಹೆಸರು ಬದಲಾಯಿಸುವ ಸ್ಕ್ರಿಪ್ಟು ಅರ್ಧ ದಿನದ ಕೆಲಸ. ಬರೆಯೋಕೆ ಕೂತರೆ ಫೀಸಿನ ಬಿಲ್ಲುಗಳು ಅಡ್ಡ ಬಂದವು. ಅಲ್ಲೂ ಹಳೇ ಹೆಸರಿದೆ. ಆದರೆ ಬಿಲ್ಲು ಅವತ್ತು ನಡೆದದ್ದಕ್ಕೆ ಸಾಕ್ಷಿ. ಇವತ್ತು ತಿದ್ದಿದರೆ ಸುಳ್ಳು ದಾಖಲೆ. ಮೆಸೇಜಿನ ಮೇಲಿನ ಹೆಸರು ಮಾತ್ರ, ನೋಡಿದಾಗಲೆಲ್ಲ, ಆಕೆ ಯಾರು ಅಂತ ಈಗಲೂ ಹೇಳುತ್ತಲೇ ಇರುತ್ತೆ. ಡೇಟಾಬೇಸಿಗೆ ಎರಡೂ ಒಂದೇ ಥರದ ಅಕ್ಷರಗಳು. ಬೇರೆ ಬೇರೆ ಅಂತ ಗುರುತಿಸಬೇಕಾದವನು ನಾನು, ಗುರುತಿಸಿರಲಿಲ್ಲ.

ಮೆಸೇಜುಗಳಿಂದ ಹೆಸರು ಕಿತ್ತು ಐಡಿ ಮಾತ್ರ ಉಳಿಸಿದೆ. ಪೇಜು ತುಸು ನಿಧಾನವಾಯ್ತು, ಮ್ಯಾನೇಜರ್ ಗೊಣಗಿದರು. ಬಿಲ್ಲು ಯಾಕೆ ಮುಟ್ಟಲಿಲ್ಲ ಅಂತ ಆಕೆಗೆ ಬರೆದೆ. "ಬಿಲ್ ಇರ್ಲಿ ಬಿಡಿ. ಹೆಸರು ಅವರದ್ದಾದ್ರೂ ಫೀಸ್ ಕಟ್ಟಿದ್ದು ನಾನೇ" ಅಂತ ಉತ್ತರ ಬಂತು.

ಆದರೆ ಬೇರೆ ಪೋಷಕರು ಆಕೆಯನ್ನು ಹಳೇ ಹೆಸರಿನಿಂದಲೇ ಕರೆದು ಬರೆದ ಮೆಸೇಜುಗಳು ಇನ್ನೂ ಹಾಗೇ ಇವೆ. ಅವು ಅವರ ಮಾತು, ಅವರ ಡಾಕ್ಯುಮೆಂಟು. ಅವನ್ನು ಏನು ಮಾಡಬೇಕು ಅಂತ ಆಕೆ ಕೇಳಿಲ್ಲ. ನಾನೂ ಹೇಳಿಲ್ಲ.